ಸಾಲು ಎತ್ತಿಕೊಡುವವಳು

ಇಲ್ಲಿ ವಾದ್ಯದವರನ್ನು ಹಳ್ಳದಲ್ಲಿ ಕೂರಿಸುತ್ತಾರೆ. ಮಾತಿಗೆ ಹೇಳುತ್ತಿಲ್ಲ, ನಿಜವಾದ ಹಳ್ಳವೇ. ರಂಗದ ಮುಂದೆ ನೆಲ ತಗ್ಗಿಸಿ, ಆಳುದ್ದದ ಗುಂಡಿ ಮಾಡಿ, ಅದರೊಳಗೆ ಕುರ್ಚಿ, ಹಾಳೆ ಇಡುವ ಸ್ಟ್ಯಾಂಡು, ಪುಟ್ಟ ಪುಟ್ಟ ದೀಪಗಳನ್ನು ಜೋಡಿಸಿರುತ್ತಾರೆ. ಅದಕ್ಕೆ ‘ಗ್ರಾಬೆನ್’ ಎಂದು ಹೆಸರು. ಡಿಕ್ಷನರಿ ತೆಗೆದು ನೋಡಿದರೆ ಹಳ್ಳ, ಕಂದಕ ಎಂದೇ ಅರ್ಥ ಬರೆದಿತ್ತು. ಮೊದಲ ದಿನ ಮೆಟ್ಟಿಲಿಳಿದು ನನ್ನ ಜಾಗದಲ್ಲಿ ಕೂತು ತಲೆಯೆತ್ತಿ ನೋಡಿದೆ. ಹಲಗೆಯ ಅಂಚೊಂದು ಬಿಟ್ಟು ಏನೂ ಕಾಣಲಿಲ್ಲ. ಹಾಡುವವರ ಬೂಟಿನ ಸದ್ದು ನನ್ನ ನೆತ್ತಿಯ ಮೇಲೆ ಓಡಾಡುತ್ತಿತ್ತು. ಅವರ ಬಾಯಿಯೇ ಕಾಣುವುದಿಲ್ಲವಲ್ಲ, ನುಡಿಸುವುದು ಹೇಗೆ ಎಂದು ಪಕ್ಕದ ಹುಡುಗನನ್ನು ಕೇಳಿದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ‘ಅವರನ್ನು ನಾವು ಯಾಕೆ ನೋಡಬೇಕು?’ ಎಂದ.

ನಾನು ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯವಳು. ಅಪ್ಪ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಯಾವುದಾದರೂ ಊರಿನವರು ಸೇರಿ ಪೌರಾಣಿಕ ನಾಟಕ ಆಡಬೇಕೆಂದು ಮನಸ್ಸು ಮಾಡಿದರೆ ಹಾರ್ಮೋನಿಯಂ ಹೊತ್ತು ಅಲ್ಲಿಗೆ ಹೋಗಿ, ತಿಂಗಳುಗಟ್ಟಲೆ ತಾಲೀಮು ಕೊಟ್ಟು, ಆಟದ ದಿನ ರಂಗದ ಬದಿಯಲ್ಲಿ ಕೂತು ನುಡಿಸುವವರು. ಶಿರಾ ಕಡೆಯ ಬರಗೂರಿನಿಂದ ಹಿಡಿದು ಪಾವಗಡದ ನಾಗಲಮಡಿಕೆಯವರೆಗೆ ಅಪ್ಪನಿಗೆ ಶಿಷ್ಯರಿದ್ದಾರೆ. ಪಾವಗಡದ ಕಡೆ ಪದ್ಯ ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ. ಹೈಸ್ಕೂಲಿನಲ್ಲಿದ್ದಾಗಿನಿಂದ ನಾನು ಅಪ್ಪನ ಪಕ್ಕ ಕ್ಲಾರಿಯೋನೆಟ್ ಹಿಡಿದು ಕೂರುತ್ತಿದ್ದೆ. ಮದುವೆ ಬ್ಯಾಂಡಿನಲ್ಲಿದ್ದ ಸೋದರಮಾವ ಊದುವುದು ಬಿಟ್ಟ ಮೇಲೆ ನನಗೆ ಕೊಟ್ಟ ವಾದ್ಯ ಅದು.

ನನ್ನ ಕೆಲಸ ಏನೆಂದು ಹೇಳಿದರೆ ನಿಮ್ಮಲ್ಲಿ ನಾಟಕ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಪಾರ್ಟು ಮಾಡುವವರು ದಿನವಿಡೀ ಬೇರೆ ಕೆಲಸ ಮಾಡುವ ಜನ. ನಮ್ಮೂರ ನಾಟಕದ ಖಾಯಂ ರಾಜ ಹನುಮಂತಣ್ಣನದು ಬಸ್ ಸ್ಟ್ಯಾಂಡಿನ ಪಕ್ಕ ಪಂಚರ್ ಅಂಗಡಿ. ಗಂಟಲು ಅಂದರೆ ಗಂಟಲು, ಮೈಕು ಬೇಡ. ಆದರೆ ಕಿರೀಟ ತಲೆಗೇರಿ, ಎದುರಿಗೆ ಜನ ಕಂಡರೆ ಪದ್ಯದ ಎರಡನೇ ಸಾಲು ಹಾರಿಹೋಗುತ್ತದೆ. ಆಗ ರಂಗದ ಮೇಲೆ ಸದ್ದಿರುವುದಿಲ್ಲ. ಅಪ್ಪ ಹುಬ್ಬು ಏರಿಸುತ್ತಾರೆ. ಮುಂದಿನ ಸಾಲಿನ ಮಟ್ಟನ್ನು ನಾನು ಕ್ಲಾರಿಯೋನೆಟ್ಟಿನಲ್ಲಿ ಎತ್ತಿಕೊಡುತ್ತೇನೆ. ಮಟ್ಟು ಕಿವಿಗೆ ಬಿದ್ದ ಕೂಡಲೇ ಮಾತು ನೆನಪಾಗಿ ಹನುಮಂತಣ್ಣ ಗದೆ ಎತ್ತಿ ಶುರು ಮಾಡುತ್ತಾನೆ. ಜನಕ್ಕೆ ಏನೂ ಗೊತ್ತಾಗುವುದಿಲ್ಲ, ಪದ್ಯದ ನಡುವೆ ಕ್ಲಾರಿಯೋನೆಟ್ ಚೆನ್ನಾಗಿ ಬಂತು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಆಟದ ನಡುವೆ ಮೌನ ಬಿತ್ತೆಂದರೆ ಯಾರೋ ಮರೆತಿದ್ದಾರೆ ಎಂದೇ ಲೆಕ್ಕ. ಅದನ್ನು ತುಂಬುವವಳು ನಾನು.

ಬೆಂಗಳೂರಿನಲ್ಲಿ ಓದುವಾಗ ಚರ್ಚಿನ ಬ್ಯಾಂಡೊಂದರ ಮೇಷ್ಟ್ರು ನನಗೆ ನೋಟೇಶನ್ ಓದುವುದನ್ನು ಕಲಿಸಿದರು. ಅವರೇ ವಿಡಿಯೋ ಮಾಡಿಸಿ ಆಸ್ಟ್ರಿಯಾದ ಈ ಸಂಗೀತ ಶಾಲೆಗೆ ಕಳಿಸಿದ್ದು. ಊರಿನ ಹೆಸರು ಹೇಳುವುದಿಲ್ಲ. ಅಮ್ಮನಿಗೆ ಅದು ಇನ್ನೂ ಬಾಯಿಗೆ ಬಂದಿಲ್ಲ, ನಾನು ಹೇಳಿದರೆ ಇಲ್ಲಿಯವರು ನಗುತ್ತಾರೆ. ಊರ ನಡುವೆ ಒಂದು ಗುಡ್ಡವಿದೆ, ಅದನ್ನು ಹತ್ತಲು ಲಿಫ್ಟ್ ಇಟ್ಟಿದ್ದಾರೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಇಳಿದವಳಿಗೆ ಇದನ್ನು ಬೆಟ್ಟ ಎಂದು ಕರೆಯಲು ಇವತ್ತಿಗೂ ನಾಚಿಕೆ.

ಇಲ್ಲಿ ದಾರಿಯಲ್ಲಿ ಎದುರಾದ ಅಪರಿಚಿತರೂ ‘ಗ್ರ್ಯೂಸ್ ಗಾಟ್’ ಎನ್ನುತ್ತಾರೆ. ದೇವರ ಹೆಸರು ಹಿಡಿದು ಹೇಳುವ ನಮಸ್ಕಾರ ಅದು. ಬಂದ ವಾರ ನನಗೆ ತುಂಬಾ ಖುಷಿಯಾಯಿತು, ಮಾತಿನ ಜನ ಸಿಕ್ಕರು ಅಂದುಕೊಂಡೆ. ನಮಸ್ಕಾರ ಮುಗಿದ ಮೇಲೆ ಅವರು ಮುಂದೆ ಹೋಗಿಬಿಡುತ್ತಾರೆ, ಅಷ್ಟೇ. ಹಿಂದೂಪುರದ ಬಸ್ಸಿನಲ್ಲಾದರೆ ನಮಸ್ಕಾರ ಯಾರೂ ಮಾಡುವುದಿಲ್ಲ, ಆದರೆ ಎರಡು ಸ್ಟಾಪು ಕಳೆಯುವಷ್ಟರಲ್ಲಿ ಯಾರ ಮಗಳು, ಏನು ಓದು, ಮದುವೆ ಯಾಕೆ ಆಗಿಲ್ಲ ಎಲ್ಲ ವಿಚಾರಣೆ ಮುಗಿದಿರುತ್ತದೆ. ಆಗ ಅದು ಕಿರಿಕಿರಿ ಅನಿಸುತ್ತಿತ್ತು. ಈಗ ಯಾರಾದರೂ ಒಬ್ಬರು ‘ಯಾರ ಮಗಳಮ್ಮ ನೀನು’ ಎಂದು ಕೇಳಲಿ ಅನಿಸುತ್ತದೆ.

ಮನೆ ಸಿಕ್ಕಿದ್ದು ಇಲ್ದಿಕೋ ಎಂಬ ಹಂಗೇರಿಯ ಹುಡುಗಿಯ ಜೊತೆ. ಅವಳು ಅದೇ ಶಾಲೆಯಲ್ಲಿ ಹಾಡು ಕಲಿಯುತ್ತಾಳೆ. ಮನೆಯ ಕಾನೂನುಗಳಲ್ಲಿ ನನ್ನನ್ನು ಕಂಗೆಡಿಸಿದ್ದು ‘ರೂಹೆ’. ರೂಹೆ ಎಂದರೆ ಸದ್ದಿಲ್ಲದಿರುವುದು. ಭಾನುವಾರ ಇಡೀ ದಿನ ರೂಹೆ. ವಾದ್ಯ ನುಡಿಸುವಂತಿಲ್ಲ, ಬಟ್ಟೆ ಒಗೆಯುವ ಯಂತ್ರ ಹಾಕುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಪಕ್ಕದ ಮನೆಯ ಮುದುಕ ಗೋಡೆ ಕುಟ್ಟಿ ನೆನಪಿಸುತ್ತಾನೆ. ಕೊಡಿಗೇನಹಳ್ಳಿಯಲ್ಲಿ ಭಾನುವಾರವೇ ನಮಗೆ ಪೂರ್ತಿ ತಾಲೀಮು. ಪಕ್ಕದ ಮನೆಯವರು ಗೋಡೆ ಕುಟ್ಟುವುದಿರಲಿ, ಜಗುಲಿಗೇ ಬಂದು ಕೂತು ತಪ್ಪು ಹುಡುಕುತ್ತಿದ್ದರು.

ಊಟದ ವಿಷಯ ಹೆಚ್ಚು ಹೇಳಿದರೆ ಅಮ್ಮ ಅಳುತ್ತಾಳೆ. ತಂದ ರಾಗಿಹಿಟ್ಟು ಚಳಿ ಶುರುವಾಗುವ ಮೊದಲೇ ಮುಗಿಯಿತು. ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋದರೆ ತಟ್ಟೆಯ ತುಂಬ ಹರಡಿಕೊಂಡಿತು. ಅದನ್ನು ಇಲ್ದಿಕೋ ಚಮಚದಲ್ಲಿ ತಿಂದು ಚೆನ್ನಾಗಿದೆ ಎಂದಳು, ಪಾಪ. ಶರತ್ಕಾಲದಲ್ಲಿ ಬೀದಿ ಬೀದಿಯಲ್ಲಿ ಒಲೆ ಇಟ್ಟುಕೊಂಡು ಚೆಸ್ಟ್‌ನಟ್ ಎಂಬ ಕಾಯಿ ಸುಟ್ಟು ಕಾಗದದ ಪೊಟ್ಟಣದಲ್ಲಿ ಮಾರುತ್ತಾರೆ. ಪೊಟ್ಟಣದ ಬಿಸಿ ಅಂಗೈಗೆ ತಾಗಿದಾಗ ಮಧುಗಿರಿ ಬಸ್ ಸ್ಟ್ಯಾಂಡಿನ ಹುರಿದ ಕಡ್ಲೆಕಾಯಿ ಅನಿಸಿತು. ಬಾಯಿಗೆ ಹಾಕಿಕೊಂಡರೆ ಸಿಹಿಗೆಣಸಿನ ರುಚಿ. ಕೆಟ್ಟದ್ದೇನಲ್ಲ, ಆದರೆ ಆ ದಿನ ನನಗೆ ಬೇಕಿದ್ದದ್ದು ಅದಲ್ಲ.

ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳ ವಾದ್ಯವೃಂದದ ತಾಲೀಮು ಶುರುವಾಯಿತು. ಇವರು ಅದನ್ನು ‘ಪ್ರೋಬೆ’ ಎನ್ನುತ್ತಾರೆ. ಎದುರಿಗೆ ಎತ್ತರದ ಮಣೆಯ ಮೇಲೆ ಬಿಳಿ ಕೋಲು ಹಿಡಿದು ನಿಲ್ಲುವವರು ಫ್ರೌ ಲೈಟ್ನರ್. ಅರವತ್ತು ದಾಟಿದ ಹೆಂಗಸು, ಜೋರು ಮಾತಾಡಿದ್ದು ನಾನು ಕೇಳಿಲ್ಲ. ಎಲ್ಲರೂ ಅವರ ಕೋಲು ನೋಡಬೇಕು, ಕೋಲು ಹೇಳಿದಾಗ ನುಡಿಸಬೇಕು, ಕೋಲು ನಿಂತರೆ ನಿಲ್ಲಬೇಕು. ಶರತ್ಕಾಲದ ಕಛೇರಿ ಹೇಗೋ ಮುಗಿಯಿತು, ಅದರಲ್ಲಿ ಹಾಡುವವರಿರಲಿಲ್ಲ. ಆಮೇಲೆ ಡಿಸೆಂಬರಿನ ಅಪೆರೆಟ್ಟಾಕ್ಕೆ ಕೈ ಹಾಕಿದೆವು. ಅಪೆರೆಟ್ಟಾ ಎಂದರೆ ಹಗುರವಾದ ಹಾಡಿನ ನಾಟಕ. ಮಾತು, ಹಾಡು, ಕುಣಿತ, ಒಂದಿಷ್ಟು ಗಂಡ ಹೆಂಡಿರ ಎಡವಟ್ಟು, ಕೊನೆಗೆ ಮದುವೆ. ನೆತ್ತಿಯ ಮೇಲೆ ಪರದೆ ಏಳುವ ಸದ್ದು ಕೇಳಿಸಿತು. ಇದು ನಮ್ಮದೇ ಆಟ, ಬಣ್ಣ ಬೇರೆ ಅಷ್ಟೇ ಅಂದುಕೊಂಡೆ.

ಅಂದುಕೊಂಡದ್ದೇ ತಪ್ಪಾಯಿತು. ತಾಲೀಮಿನಲ್ಲಿ ಹಾಡು ಶುರುವಾದ ಕೂಡಲೇ ನನ್ನ ಕತ್ತು ತಾನಾಗಿಯೇ ರಂಗದ ಕಡೆ ತಿರುಗುತ್ತಿತ್ತು. ಕಾಣುವುದಿಲ್ಲ ಎಂದು ಗೊತ್ತಿದ್ದೂ ತಿರುಗುತ್ತಿತ್ತು. ಲೈಟ್ನರ್ ಒಮ್ಮೆ ಕೋಲು ಕೆಳಗಿಟ್ಟು, ‘ಯಾರನ್ನು ನೋಡುತ್ತಿದ್ದೀಯ?’ ಎಂದು ಕೇಳಿದರು.

‘ಹಾಡುವವರನ್ನು.’

‘ಅವರನ್ನು ನಾನು ನೋಡುತ್ತೇನೆ. ನೀನು ನನ್ನನ್ನು ನೋಡು. ಇಲ್ಲಿ ಐವತ್ತು ಜನ ಇದ್ದೀರಿ, ಐವತ್ತು ಜನವೂ ಅವರನ್ನು ನೋಡಿದರೆ ನಾವೆಲ್ಲಾ ಐವತ್ತು ಕಡೆ ಹೋಗುತ್ತೇವೆ.’

ನ್ಯಾಯವಾದ ಮಾತು. ತಲೆ ಒಪ್ಪಿತು, ಕತ್ತು ಒಪ್ಪಲಿಲ್ಲ.

ಆ ಅಪೆರೆಟ್ಟಾದಲ್ಲಿ ಇಲ್ದಿಕೋಗೆ ಗಿರಣಿಯವನ ಮಗಳ ಪಾರ್ಟು. ಎರಡನೇ ಅಂಕದಲ್ಲಿ ಅವಳು ಹಾಡುತ್ತಾ ಹಾಡುತ್ತಾ, ತನ್ನವನು ಇನ್ನೊಬ್ಬಳ ಕೈ ಹಿಡಿದು ಹೋಗುವುದನ್ನು ಕಂಡು ಸಾಲಿನ ನಡುವೆಯೇ ನಿಲ್ಲುತ್ತಾಳೆ. ವಾದ್ಯಗಳೂ ನಿಲ್ಲುತ್ತವೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೋಲು ಏಳುತ್ತದೆ, ನನ್ನ ಕ್ಲಾರಿಯೋನೆಟ್ ಮೆಲ್ಲಗೆ ಆ ಸಾಲನ್ನು ಎತ್ತಿಕೊಳ್ಳುತ್ತದೆ, ಅವಳು ಸೇರಿಕೊಳ್ಳುತ್ತಾಳೆ. ತಾಲೀಮಿನಲ್ಲೆಲ್ಲ ಆ ಮೌನ ಉಸಿರು ತೆಗೆದುಕೊಳ್ಳುವಷ್ಟೇ ಇರುತ್ತಿತ್ತು. ನಾನು ಸರಿಯಾಗಿಯೇ ನುಡಿಸುತ್ತಿದ್ದೆ.

ಮೊದಲ ಆಟದ ದಿನ ಸಭಾಂಗಣ ತುಂಬಿತ್ತು. ಇಲ್ದಿಕೋ ನಿಂತಳು. ನಾವೂ ನಿಂತೆವು. ಮೌನ ಉಸಿರಿನಷ್ಟಕ್ಕೆ ಮುಗಿಯಲಿಲ್ಲ. ಇನ್ನೂ ಮುಂದುವರಿಯಿತು. ತಲೆಯ ಮೇಲೆ ಹಲಗೆ ಕಿರ್ ಎಂದಿತು, ಅವಳು ಕಾಲು ಬದಲಿಸಿರಬೇಕು. ಅಯ್ಯೋ, ಹುಡುಗಿಗೆ ಮರೆತುಹೋಗಿದೆ, ಇಷ್ಟು ಜನದ ಮುಂದೆ ಒಬ್ಬಳೇ ನಿಂತಿದ್ದಾಳೆ ಎಂಬುದೊಂದೇ ತಲೆಯಲ್ಲಿ. ಕೋಲಿನ ಕಡೆ ನೋಡಲೇ ಇಲ್ಲ. ಕ್ಲಾರಿಯೋನೆಟ್ ತಾನಾಗಿ ತುಟಿಗೆ ಬಂತು, ಸಾಲು ಎತ್ತಿಕೊಟ್ಟೆ. ಅದೂ ಮೆಲ್ಲಗೆ ಅಲ್ಲ. ಪಂಚರ್ ಅಂಗಡಿಯ ಹನುಮಂತಣ್ಣನಿಗೆ ಕೇಳುವ ಹಾಗೆ, ನಮ್ಮ ಕಡೆಯ ಜಾರುಬಳುಕುಗಳ ಸಮೇತ.

ಸಭಾಂಗಣದಲ್ಲಿ ಯಾರೋ ನಕ್ಕರು. ಆಮೇಲೆ ತುಂಬಾ ಜನ ನಕ್ಕರು. ತಲೆಯೆತ್ತಿದರೆ ಲೈಟ್ನರ್ ಅವರ ಕೋಲು ಇನ್ನೂ ಗಾಳಿಯಲ್ಲೇ ನಿಂತಿತ್ತು.

ಇಲ್ದಿಕೋ ಮರೆತಿರಲಿಲ್ಲ. ಆ ದಿನ ಜನ ಉಸಿರು ಬಿಗಿಹಿಡಿದಿದ್ದು ಅವಳಿಗೆ ತಿಳಿದು, ಮೌನವನ್ನು ಇನ್ನಷ್ಟು ಎಳೆದಿದ್ದಳು. ಲೈಟ್ನರ್ ಅದನ್ನು ಕಂಡು ಕೋಲು ತಡೆದು ನಿಂತಿದ್ದರು. ಇಡೀ ಆಟದಲ್ಲಿ ಅವಳಿಗೆ ಸಿಕ್ಕ ಒಂದೇ ಒಂದು ದೊಡ್ಡ ಜಾಗ ಅದು, ಅದನ್ನು ನಾನು ಮದುವೆ ಓಲಗದ ಹಾಗೆ ಊದಿ ಕೆಡಿಸಿದ್ದೆ. ಮನೆಗೆ ಬಂದು ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಲೈಟ್ನರ್ ಕರೆದರು. ಉಳಿದ ಆಟಗಳಿಗೆ ನನ್ನ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ, ನಾನು ಜನರ ನಡುವೆ ಕೂತು ನೋಡಬೇಕು ಎಂದರು. ಜೂನಿನಲ್ಲಿ ಇದೇ ಅಪೆರೆಟ್ಟಾ ಮತ್ತೆ ಇದೆ, ಆಗ ಕೂರಿಸುತ್ತೇನೆ, ಅದೇ ನಿನ್ನ ಪರೀಕ್ಷೆ ಎಂದರು. ವಾದ್ಯವೃಂದದಲ್ಲಿ ಪಾಸಾಗದಿದ್ದರೆ ಶಾಲೆಯಲ್ಲಿ ಎರಡನೇ ವರ್ಷ ಇರುವುದಿಲ್ಲ ಎಂದೂ ಹೇಳಿದರು. ‘ನಿನ್ನ ಕಿವಿ ಚೆನ್ನಾಗಿದೆ. ಆದರೆ ಸುಮ್ಮನಿರಲು ಬರುವುದಿಲ್ಲ.’

ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅಪ್ಪ ಕೇಳಿದರು.

‘ಆ ಹುಡ್ಗಿ ಮರ್ತಿಲ್ದೇನೇ ಸುಮ್ನೆ ನಿಂತಿದ್ಲಾ?’

‘ಹೂಂ ಅಪ್ಪ.’

‘ಅಂಗೂ ಮಾಡ್ತಾರಾ. ನಂಗೂ ಗೊತ್ತಾಗ್ತಿರ್ಲಿಲ್ಲ ಬುಡು. ನಾನಾಗಿದ್ರೂ ಎತ್ಕೊಟ್ಟೇ ಕೊಡ್ತಿದ್ದೆ.’ ಆಮೇಲೆ, ‘ಆದ್ರೆ ನೀನು ಕಲೀಬೇಕು ಕಣಮ್ಮ. ಅಷ್ಟು ದೂರ ಹೋಗಿರೋದು ನಂಗ್ ಗೊತ್ತಿರೋದ್ನೇ ಮಾಡೋಕಲ್ವಲ್ಲ’ ಎಂದರು.

ಆ ಮಾತು ಹಿಡಿದುಕೊಂಡು ಚಳಿಗಾಲ ಕಳೆದೆ. ಇಂಥ ಚಳಿಗಾಲವನ್ನು ಪಾವಗಡದ ಬಿಸಿಲು ಕಂಡವರಿಗೆ ವರ್ಣಿಸುವುದು ಕಷ್ಟ. ಮಧ್ಯಾಹ್ನ ಟೀ ಕುಡಿಯುವ ಹೊತ್ತಿಗೆ ಕತ್ತಲು. ಮಂಚದ ಮೇಲೆ ಕೂತು ಊರಿನ ಬಿಸಿಲನ್ನು ಊಟದ ಹಾಗೆ ನೆನೆಯುತ್ತಿದ್ದೆ. ಕಡ್ಲೆಕಾಯಿ ಗಿಡ ಕಿತ್ತ ಹೊಲದ ಮಣ್ಣಿನ ವಾಸನೆ, ಹಾರ್ಮೋನಿಯಂ ಮುಚ್ಚಳ ತೆಗೆದಾಗ ಬರುವ ಹಳೇ ಮರದ ವಾಸನೆ. ಯಾವುದೋ ಸೈಕಲ್ ಅಂಗಡಿಯಿಂದ ಪಂಚರ್ ಸಲ್ಯೂಷನ್ನಿನ ವಾಸನೆ ಬಂದು, ಹನುಮಂತಣ್ಣ ನೆನಪಾಗಿ, ಸೈಕಲ್ಲು ಇಲ್ಲದವಳು ಅಲ್ಲೇ ನಿಂತುಬಿಟ್ಟಿದ್ದೆ. ಅಂಗಡಿಯವನು ಏನು ಬೇಕೆಂದು ಕೇಳಿದ, ಏನೂ ಬೇಡ ಎಂದು ಬಂದೆ.

ಇಲ್ದಿಕೋ ಸಿಟ್ಟು ಬಿಟ್ಟಿದ್ದು ಹನುಮಂತಣ್ಣನಿಂದಲೇ. ಯಾಕೆ ಹಾಗೆ ಮಾಡಿದೆ ಎಂದು ಒಂದು ದಿನ ಅವಳೇ ಅಡುಗೆಮನೆಯಲ್ಲಿ ಕೇಳಿದಳು. ಬಾಯಲ್ಲಿ ಹೇಳಲು ನನ್ನ ಜರ್ಮನ್ ಸಾಲದೆ ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ. ಕಿರೀಟ, ಮೀಸೆ, ಗದೆ. ಪದ್ಯದ ನಡುವೆ ಹನುಮಂತಣ್ಣನ ಕಣ್ಣು ಗಾಬರಿಯಾಗುವುದು, ನನ್ನ ಕ್ಲಾರಿಯೋನೆಟ್ ಬರುವುದು, ಅವನು ಹುಲಿಯಾಗುವುದು. ಇಲ್ದಿಕೋ ಮೂರು ಸಲ ಹಾಕಿಸಿಕೊಂಡು ನಕ್ಕಳು. ಆಮೇಲೆ, ‘ನನಗೆ ಮರೆತ ದಿನ ನೀನು ಕೆಳಗಿರಬೇಕು. ಆದರೆ ನಾನು ಮರೆಯುವುದಿಲ್ಲ, ಅದನ್ನು ನೀನು ನಂಬಬೇಕು’ ಎಂದಳು.

ನಂಬುವುದನ್ನು ಕಲಿತೆ. ಅವಳೇ ಕಲಿಸಿದಳು. ದಿನಾ ಅವಳು ಹಾಡಿ ಬೇಕಂತಲೇ ನಡುವೆ ನಿಲ್ಲುವುದು, ನಾನು ಕ್ಲಾರಿಯೋನೆಟ್ ತೊಡೆಯ ಮೇಲಿಟ್ಟು ಕೂರುವುದು. ಮೊದಮೊದಲು ತುರಿಕೆಯಾದಲ್ಲಿ ಕೆರೆದುಕೊಳ್ಳದೆ ಕೂತಷ್ಟು ಹಿಂಸೆ. ಈಸ್ಟರ್ ಹೊತ್ತಿಗೆ ಹಿಂಸೆ ಕಡಿಮೆಯಾಯಿತು. ಕತ್ತು ಕೋಲಿನ ಕಡೆ ತಾನಾಗಿ ತಿರುಗತೊಡಗಿತು.

ಜೂನಿನಲ್ಲಿ ಮತ್ತೆ ಹಳ್ಳಕ್ಕಿಳಿದೆ. ಇಲ್ದಿಕೋ ಆ ಜಾಗದಲ್ಲಿ ನಿಂತಳು, ಡಿಸೆಂಬರಿಗಿಂತ ಉದ್ದವಾಗಿ ನಿಂತಳು. ನನ್ನನ್ನು ಪರೀಕ್ಷಿಸಿದಳೋ ಏನೋ. ಮೇಲೆ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಕೋಲನ್ನೇ ನೋಡುತ್ತಾ ಕೂತೆ. ಕೋಲು ಎದ್ದಿತು, ಎತ್ತಿಕೊಂಡೆ, ಮೆಲ್ಲಗೆ. ಅವಳ ದನಿ ಬಂದು ನನ್ನ ದನಿಯ ಪಕ್ಕ ಕೂತಿತು. ಲೈಟ್ನರ್ ಎಡಗೈ ಬೆರಳನ್ನು ನನ್ನ ಕಡೆ ಸ್ವಲ್ಪ ಮಡಚಿದರು. ಅವರ ಲೆಕ್ಕದಲ್ಲಿ ಅದು ಶಭಾಷ್.

ಎರಡನೇ ವರ್ಷ ಸಿಕ್ಕಿತು. ಅಪ್ಪನಿಗೆ ಹೇಳಿದರೆ, ‘ಏನ್ ನುಡಿಸ್ದೆ?’ ಎಂದರು. ‘ನುಡಿಸಿದ್ದು ಸ್ವಲ್ಪ, ಸುಮ್ನಿದ್ದದ್ದೇ ಜಾಸ್ತಿ ಅಪ್ಪ’ ಎಂದೆ. ‘ಸುಮ್ನಿರೋಕೂ ಪಾಸ್ ಮಾಡ್ತಾರಲ್ಲಪ್ಪ ಆ ಊರ್ನಾಗೆ’ ಎಂದು ಅಮ್ಮ ಹಿಂದಿನಿಂದ ಹೇಳಿದ್ದು ಕೇಳಿಸಿತು.

ರಜೆಗೆ ಊರಿಗೆ ಹೋದೆ. ಇಳಿದ ಸಂಜೆಯೇ ತಾಲೀಮಿಗೆ ಓಡಿದೆ. ಹೊಸ ನಾಟಕ ಕಟ್ಟುತ್ತಿದ್ದರು, ರಾಜ ಮಾತ್ರ ಹಳಬ. ಅಪ್ಪನ ಪಕ್ಕ ನನ್ನ ಚಾಪೆ ಹಾಗೇ ಇತ್ತು. ಹನುಮಂತಣ್ಣ ಟಯರಿನ ಮಸಿ ಕೈಯಲ್ಲೇ ಗದೆ ಹಿಡಿದು, ‘ಬಂದ್ಬುಟ್ಯಾ ಪಾಪ? ಇನ್ನು ನಂಗೆ ಭಯ ಇಲ್ಲ’ ಎಂದ. ವರ್ಷವಿಡೀ ನಾನು ಕಾದಿದ್ದು ಈ ಮಾತಿಗೆ.

ಪದ್ಯ ಶುರುವಾಯಿತು. ಎರಡನೇ ಸಾಲಿಗೆ ಬಂದು ಹನುಮಂತಣ್ಣ ನಿಂತ. ಮೌನ ಬಿತ್ತು. ಎಂಥ ಮೌನ ಅದು, ಎಷ್ಟು ಚೆನ್ನಾಗಿದೆ ಅನಿಸಿತು ನನಗೆ. ಕ್ಲಾರಿಯೋನೆಟ್ ತೊಡೆಯ ಮೇಲಿತ್ತು. ನೇರವಾಗಿ ಎದುರಿಗೆ ನೋಡುತ್ತಾ ಕೂತಿದ್ದೆ. ಎದುರಿಗೆ ಯಾರೂ ಇರಲಿಲ್ಲ, ಬರೀ ಗೋಡೆ. ಅಪ್ಪ ಹುಬ್ಬು ಏರಿಸಿದ್ದರಂತೆ, ನಾನು ನೋಡಲಿಲ್ಲ. ಕೊನೆಗೆ ಹಾರ್ಮೋನಿಯಮ್ಮೇ ಸಾಲು ಎತ್ತಿಕೊಟ್ಟಿತು.

ಪದ್ಯ ಮುಗಿಸಿ ಹನುಮಂತಣ್ಣ ಗದೆ ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

‘ಏನ್ ಪಾಪ, ನೀನೂ ಮರ್ತ್ಬುಟ್ಯಾ?’

ಅಪ್ಪ ಹಾರ್ಮೋನಿಯಂ ಕೀಗಳ ಮೇಲೆ ಕೈ ಇಟ್ಟುಕೊಂಡೇ, ‘ಅವ್ಳು ಮರ್ತಿಲ್ಲ ಹನುಮಂತಣ್ಣ. ಕಾಯ್ತವ್ಳೆ’ ಎಂದರು.

‘ಯಾರಿಗೆ?’

ಅಪ್ಪ ಮತ್ತೆ ಮೊದಲಿನಿಂದ ಎಂದು ಹೇಳಿ ಶ್ರುತಿ ಹಿಡಿದರು. ರಜೆ ಮುಗಿಯುವಷ್ಟರಲ್ಲಿ ನನ್ನ ಕೈ ಸ್ವಲ್ಪ ದಾರಿಗೆ ಬಂತು. ಆದರೆ ಮೊದಲಿನ ಹಾಗೆ ತಾನಾಗಿ ಅಲ್ಲ. ಮೌನ ಬಿದ್ದಾಗ ಇದು ಯಾವ ಊರಿನದು ಎಂದು ಒಂದು ಗಳಿಗೆ ಯೋಚಿಸುತ್ತೇನೆ. ಆ ಗಳಿಗೆಯಲ್ಲಿ ಹನುಮಂತಣ್ಣನ ಕಣ್ಣು ನನ್ನ ಕಡೆ ನೋಡುತ್ತಿರುತ್ತದೆ.

ಈಗ ಮತ್ತೆ ಇಲ್ಲಿದ್ದೇನೆ. ಎರಡನೇ ವರ್ಷದ ಪ್ರೋಬೆಗಳು ಶುರುವಾಗಿವೆ, ಲೈಟ್ನರ್ ನನಗೆ ಮೊದಲ ಕ್ಲಾರಿಯೋನೆಟ್ಟಿನ ಜಾಗ ಕೊಟ್ಟಿದ್ದಾರೆ. ಖುಷಿಯಾಗಿದೆ, ಸುಳ್ಳು ಹೇಳುವುದಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಫೋನ್ ಮಾಡುತ್ತಾರೆ. ಅಲ್ಲಿ ಆಗ ಸಂಜೆಯ ತಾಲೀಮಿನ ಹೊತ್ತು. ಫೋನನ್ನು ಹಾರ್ಮೋನಿಯಂ ಮೇಲೆ ಒರಗಿಸಿ ಇಡುತ್ತಾರೆ, ನಾನು ಕೇಳುತ್ತಾ ಕೂರುತ್ತೇನೆ. ಮುಂದಿನ ವಾರ ನಾಗಲಮಡಿಕೆಯ ಕಡೆ ಆಟವಂತೆ.

ಹೋದ ಭಾನುವಾರ ಹನುಮಂತಣ್ಣ ಅದೇ ಪದ್ಯ ಎತ್ತಿದ, ಅದೇ ಸಾಲಿನಲ್ಲಿ ನಿಂತ. ಈ ಸಲ ನಾನು ಯೋಚಿಸಲಿಲ್ಲ. ರೂಹೆ ಎಂಬುದೂ ನೆನಪಾಗಲಿಲ್ಲ. ಕ್ಲಾರಿಯೋನೆಟ್ ತುಟಿಗೆ ಬಂತು, ಕೋಣೆ ತುಂಬುವ ಹಾಗೆ ಸಾಲು ಎತ್ತಿಕೊಟ್ಟೆ, ಜಾರುಬಳುಕುಗಳ ಸಮೇತ. ಪಕ್ಕದ ಮನೆಯ ಮುದುಕ ಗೋಡೆ ಕುಟ್ಟಿದ. ಆದರೆ ಫೋನಿನಲ್ಲಿ ಸದ್ದು ಹೋಗಿ ಮುಟ್ಟಲು ಹೊತ್ತು ಹಿಡಿಯುತ್ತದೆ. ನನ್ನ ಸಾಲು ಕೊಡಿಗೇನಹಳ್ಳಿ ತಲುಪುವಷ್ಟರಲ್ಲಿ ಹಾರ್ಮೋನಿಯಂ ಎತ್ತಿಕೊಟ್ಟಾಗಿತ್ತು, ಹನುಮಂತಣ್ಣ ಮೂರನೇ ಸಾಲಿನಲ್ಲಿದ್ದ. ನನ್ನದು ಅವನ ಹಾಡಿಗೆ ಅಡ್ಡ ಬಂದು ತಾಳ ತಪ್ಪಿಸಿತು. ಅಲ್ಲಿ ಎಲ್ಲರೂ ನಿಲ್ಲಿಸಿದರು.

ಅಪ್ಪ ಫೋನಿನ ಹತ್ತಿರ ಬಗ್ಗಿದ್ದು ಉಸಿರಿನಿಂದ ಗೊತ್ತಾಯಿತು.

‘ಬಂತು ಕಣಮ್ಮ’ ಎಂದರು. ‘ಸರಿಯಾಗೇ ಬಂತು. ವಸಿ ತಡ ಆಯ್ತು ಅಷ್ಟೇ.’